ಸಣ್ಣೀರಪ್ಪನ ಹಕ್ಕಿ ಗಡಿಗೆ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಮುಂಚೆ, ಹಳ್ಳದ ದಂಡೆಯ ಒಂದೂರಲ್ಲಿ ಸಣ್ಣೀರಪ್ಪ ಅನ್ನುವ ಕುಂಬಾರನಿದ್ದನಂತೆ. ಅವನು ಮಾಡಿದ ಗಡಿಗೆಯನ್ನು ಬೆರಳಲ್ಲಿ ತಟ್ಟಿದರೆ ಊರಾಚೆ ಮೇಯುವ ಎಮ್ಮೆಗಳು ಕತ್ತೆತ್ತಿ ನೋಡುತ್ತಿದ್ದವಂತೆ. ನಗಬೇಡಿ, ನಾನು ಕೇಳಿದ್ದನ್ನು ಹೇಳುತ್ತಿದ್ದೇನೆ.

ಅವನ ಹೆಂಡತಿ ಬೊಮ್ಮಕ್ಕ. ಮಣ್ಣು ತುಳಿಯುವವಳು ಅವಳು, ತಿಗರಿ ತಿರುಗಿಸುವವನು ಇವನು. ಎರಡು ಕೂಸು ಹುಟ್ಟಿದವು. ಎರಡೂ ಕೆಮ್ಮಿ ಕೆಮ್ಮಿ, ತೆವಳುವ ಮೊದಲೇ ಹೋದವು. ಹೆಣ್ಣಿನ ಕಾಲ್ಗುಣ ಸರಿಯಿಲ್ಲ ಅಂತ ಊರು ಆಡಿಕೊಂಡಿತು. ಇನ್ನೊಬ್ಬಳನ್ನು ತಂದುಕೋ ಅಂತ ಸಣ್ಣೀರಪ್ಪನ ಅಕ್ಕ ಹಟ ಹಿಡಿದಳು. ಅವನು ತಲೆ ಬಗ್ಗಿಸಿ ಹೂಂ ಅಂದುಬಿಟ್ಟ. ಅದನ್ನು ಕೇಳಿದ ಬೊಮ್ಮಕ್ಕ ಕಾಲಿನ ಕೆಸರು ತೊಳೆದು, ಹಳ್ಳ ದಾಟಿ ತವರಿಗೆ ಹೋದಳಂತೆ.

ಮನೆ ಬಿಕೋ ಅನ್ನತೊಡಗಿತು. ಮಣ್ಣನ್ನೂ ತಾನೇ ತುಳಿದ, ಗಂಜಿಯನ್ನೂ ತಾನೇ ಕಾಸಿದ. ಆ ಬೇಸಿಗೆಯಲ್ಲಿ ಒಂದು ಜೋಡಿ ಮಡಿವಾಳ ಹಕ್ಕಿ ಬಂದು, ಗಡಿಗೆ ಸುಡುವ ಆವಿಗೆಯ ಪಕ್ಕದ ಬೇವಿನ ಮರದಲ್ಲಿ ತೂಗುತ್ತಿದ್ದ ಹಳೇ ಗಡಿಗೆಯೊಳಗೆ ಗೂಡು ಕಟ್ಟಿತು. ಗಂಡಿನ ಬಾಲ ಸೊಟ್ಟ, ಹೆಣ್ಣಿಗೆ ಒಂದು ಕಾಲು ಕುಂಟು. ಬೆಳಗಾದರೆ ಗಂಡು ಹಾಡುತ್ತಿತ್ತು. ಆ ಮನೆಯಲ್ಲಿ ಬೇರೆ ದನಿಯೇ ಇರಲಿಲ್ಲ.

ಗಡಿಗೆಯ ಬಾಯಿ ಅಗಲ, ಕಾಗೆ ಮೊಟ್ಟೆ ಹೊತ್ತೊಯ್ದಿತು. ಮರುವರ್ಷ ಸಣ್ಣೀರಪ್ಪ ಕಿರಿಬಾಯಿಯ ಗಡಿಗೆ ಮಾಡಿ ಅದೇ ಬೇವಿಗೆ ಕಟ್ಟಿದ. ಅದೇ ಜೋಡಿ ಬಂತು, ಮೂರು ಮರಿ ಆದವು. ಅವನು ಎಂದಿನಂತೆ ಆವಿಗೆಗೆ ಬೆಂಕಿ ಕೊಟ್ಟ. ಮೂರನೇ ದಿನ ಹಾಡು ನಿಂತಿತ್ತು. ಗಡಿಗೆ ಇಳಿಸಿ ನೋಡಿದರೆ ಒಳಗೆಲ್ಲ ಹೊಗೆಯ ವಾಸನೆ, ಮರಿಗಳು ಸತ್ತಿದ್ದವು.

ಅಷ್ಟರಲ್ಲಿ ಅಕ್ಕ ಹೆಣ್ಣು ಗೊತ್ತು ಮಾಡಿದ್ದಳು. ಮುಂದಿನ ಬೇಸಿಗೆ ಹಕ್ಕಿ ಮರಿ ಹಾರಲಿ ತಡಿ ಅಂತ ಇವನು. ಗಂಡಸು ಹಕ್ಕಿಯ ಬಾಣಂತನಕ್ಕೆ ಕೂತಿದ್ದಾನೆ ಅಂತ ಊರೆಲ್ಲ ನಗಾಡಿತಂತೆ. ಇಷ್ಟಾದ ಮೇಲೆ ಆ ಗಂಡು ಹಕ್ಕಿ ಬೇರೆ ಜೊತೆ ಹುಡುಕೀತು ಅಂತ ಅವನೂ ಅಂದುಕೊಂಡಿದ್ದ. ಹುಡುಕಲಿಲ್ಲ. ಮೂರನೇ ಬೇಸಿಗೆಗೂ ಅದೇ ಸೊಟ್ಟ ಬಾಲ, ಅದೇ ಕುಂಟು ಕಾಲು. ಈ ಸಲ ಗಡಿಗೆಯನ್ನು ಹೊಗೆ ಸುಳಿಯದ ಕಡೆ, ದೂರದ ಹೊಂಗೆ ಮರಕ್ಕೆ ಕಟ್ಟಿದ. ನಾಲ್ಕು ಮರಿ ಹಾರಿದವು.

ಸಣ್ಣೀರಪ್ಪ ಹಿಗ್ಗಲಿಲ್ಲವಂತೆ, ಮರದ ಬುಡದಲ್ಲಿ ಕುಸಿದು ಕೂತನಂತೆ. ಜೋಡಿ ಅದೇ, ಬದಲಾದದ್ದು ಜಾಗ. ಬೆಚ್ಚಗಿರಲಿ ಅಂತ ಎರಡೂ ಕೂಸುಗಳ ತೊಟ್ಟಿಲನ್ನು ಆವಿಗೆಯ ಮಗ್ಗುಲಿಗೆ ಕಟ್ಟಿದವನು ಅವನೇ.

ಹಳ್ಳ ದಾಟಿ ಓಡಿದ. ಬೊಮ್ಮಕ್ಕ ಅಂಗಳದಲ್ಲಿದ್ದಳು. ಅಣ್ಣಂದಿರು ಅವಳಿಗೆ ಆಗಲೇ ಬೇರೆಯವನ ಜೊತೆ ಕೂಡಿಕೆ ಮದುವೆ ಮಾಡಿಸಿದ್ದರು, ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಸೊಂಟದ ಮೇಲೆ ದುಂಡುದುಂಡಾದ ಹೆಣ್ಣುಕೂಸು. ಹೊಗೆಯ ಮಾತನ್ನೆಲ್ಲ ಅವನು ಹೇಳಿ ಮುಗಿಸಿದ. ಅವಳು ಬಹಳ ಹೊತ್ತು ಅತ್ತಳಂತೆ.

"ನಂದೇ ತಪ್ಪು ಅಂತ ನಾನೂ ನಂಬಿದ್ದೆ ಕಣಪ್ಪ. ಇಷ್ಟು ಹೇಳಾಕೆ ಬಂದ್ಯಲ್ಲ, ಸಾಕು. ಇನ್ನ ಹೋಗು," ಅಂದಳಂತೆ.

ಹೋದ. ಮತ್ತೆ ಮದುವೆಯಾಗಲಿಲ್ಲ. ಆವಿಗೆಯನ್ನು ಊರಾಚೆಗೆ ಒಯ್ದ, ಊರಿನ ಮರಮರಕ್ಕೂ ಕಿರಿಬಾಯಿಯ ಗಡಿಗೆ ಕಟ್ಟಿದ, ಸಾಯುವವರೆಗೂ ಒಬ್ಬನೇ ಮಣ್ಣು ತುಳಿದ. ಅವನು ಸತ್ತ ಬೆಳಿಗ್ಗೆ ಅಷ್ಟೂ ಗಡಿಗೆಗಳಿಂದ ಹಕ್ಕಿಗಳು ಹಾಡಿದವಂತೆ. ಇರಬಹುದು. ದಿನಾ ಹಾಡುತ್ತಿದ್ದವೇನೋ, ಊರಿನವರು ಕಿವಿಗೊಟ್ಟಿದ್ದು ಅವತ್ತು ಅಂತ ನನಗನ್ನಿಸುತ್ತದೆ.

ಈಗಲೂ ಆ ಊರಲ್ಲಿ ಕೂಸು ಹುಟ್ಟಿದರೆ ತಕ್ಷಣ ತೊಟ್ಟಿಲು ಕಟ್ಟುವುದಿಲ್ಲ. ಕೂಸಿನ ಅಪ್ಪ ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ತಾಗಿಸಿಕೊಂಡು ಅಂಗಳದಲ್ಲಿ ನಿಲ್ಲುತ್ತಾನೆ, ಹೊಗೆ ಎತ್ತ ಹೋಗುತ್ತದೆ ಅಂತ ನೋಡುತ್ತಾನೆ. ಹೊಗೆ ಹೋಗದ ಕಡೆಗೆ ತೊಟ್ಟಿಲು. ಹುಲ್ಲು ಉರಿದು ಆರುವ ತನಕ ಅವನ ಪಕ್ಕಕ್ಕೆ ಯಾರೂ ಹೋಗುವಂತಿಲ್ಲ, ಹೆತ್ತ ತಾಯಿಯೂ ಹೋಗುವಂತಿಲ್ಲ. ಅದಕ್ಕೆ ಸಣ್ಣೀರಪ್ಪನ ಹೊತ್ತು ಅನ್ನುತ್ತಾರೆ. ಅಷ್ಟು ಹೊತ್ತು ಅವನು ಒಬ್ಬನೇ ನಿಲ್ಲಬೇಕು.