ಬೂಷ್ಟಜ್ಜಿಯ ಮದ್ದು ಸೋತದ್ದು ಯಾಕೆ

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಹೊಳೆಗೆ ತಾನು ಹರಿಯುವ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಗಾಳಿಗೆ ಊರುಗಳ ಹೆಸರು ಗೊತ್ತಿರಲಿಲ್ಲ. ಆದರೂ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಕಣ್ಣಿಗೆ ಕಾಣದ ಕ್ರಿಮಿಗಳೂ ಮಾತಾಡುತ್ತಿದ್ದವು. ಕೇಳು ಮಗಳೇ. ಈ ಕತೆ ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಇವತ್ತು ಸ್ವಲ್ಪ ಜಾಸ್ತಿಯೇ ಬಂದಿದೆ.

ಆ ಕಾಲದಲ್ಲಿ ತಂಗಳು ರೊಟ್ಟಿಯ ಮೇಲೆ ಬೂಷ್ಟಜ್ಜಿ ವಾಸವಾಗಿದ್ದಳು. ಹಸಿರು ಸೀರೆ, ಬಿಳಿ ಅಂಚು. ಕ್ರಿಮಿಗಳು ಅವಳ ರೊಟ್ಟಿಗೆ ಬಾಯಿ ಹಾಕಲು ಬಂದರೆ ಮೈಯಿಂದ ಒಂದು ಕಹಿ ರಸ ಬಿಡುತ್ತಿದ್ದಳು. ರಸ ತಾಗಿದ ಕ್ರಿಮಿ ತೊಗಲು ಬಿರಿದು ಅಲ್ಲೇ ಸಾಯುತ್ತಿತ್ತು.

ಅದೇ ಊರಿನಲ್ಲಿ ಬೈರವ್ವ ಎಂಬ ತಾಯಿ ಇದ್ದಳು. ಅವಳಿಗೆ ಕೆಂಚ ಎಂಬ ಮಗ, ಸಣ್ಣಿ ಎಂಬ ಮಗಳು. ಒಂದು ದಿನ ಕ್ರಿಮಿಗಳು ಕೆಂಚನ ಗಂಟಲಿಗೆ ನುಗ್ಗಿದವು. ಗಂಟಲು ಊದಿತು, ಮೈ ಕೆಂಡವಾಯಿತು. ಬೈರವ್ವ ಓಡಿ ಬಂದು ಬೂಷ್ಟಜ್ಜಿಯ ಕಾಲು ಹಿಡಿದಳು.

"ಅಳ್ಬ್ಯಾಡ ಕಣವ್ವ," ಅಂದಳು ಬೂಷ್ಟಜ್ಜಿ. ಒಂದು ಕುಡಿಕೆ ತುಂಬ ರಸ ಹಿಂಡಿ ಕೊಟ್ಟಳು. "ಹೊತ್ತೊತ್ಗೂ ಕುಡ್ಸು. ಕುಡಿಕೆ ಬರಿದಾಗೋಗಂಟ ಕುಡ್ಸು. ತಳದಲ್ಲಿ ಒಂದು ತೊಟ್ಟೂ ಉಳೀಬಾರ್ದು."

ಬೈರವ್ವ ಕುಡಿಸಿದಳು. ಜ್ವರ ಇಳಿಯಿತು. ಕೆಂಚ ಎದ್ದು ಕರುವಿನ ಹಿಂದೆ ಓಡತೊಡಗಿದ.

ಕುಡಿಕೆಯಲ್ಲಿ ಇನ್ನೂ ಒಂದು ಗುಟುಕು ರಸವಿತ್ತು. ಬೈರವ್ವ ಅದನ್ನು ಮುಚ್ಚಿ ಗೂಡಿನಲ್ಲಿಟ್ಟಳು. ಅವಳ ಮನೆಯಲ್ಲಿ ಯಾವ ಪಾತ್ರೆಯನ್ನೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಅನ್ನದ ಮಡಕೆಯಲ್ಲಿ ಒಂದು ತುತ್ತು, ರಾಗಿಯ ವಾಡೆಯಲ್ಲಿ ಒಂದು ಹಿಡಿ ಉಳಿಯಲೇಬೇಕು, ಇಲ್ಲವಾದರೆ ಮನೆಗೆ ಏಳಿಗೆಯಿಲ್ಲ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅನ್ನಕ್ಕೆ ಅದು ಒಳ್ಳೆಯ ಪದ್ಧತಿಯೇ. ಮದ್ದಿಗೂ ಅದೇ ಪದ್ಧತಿಯೇ? ಏನು ಹೇಳಲಿ!

ಇತ್ತ ಕೆಂಚನ ಗಂಟಲಿನ ಮಡಿಕೆಯಲ್ಲಿ ಕೆಲವು ಕ್ರಿಮಿಗಳು ಅರೆಜೀವವಾಗಿ ಬಿದ್ದಿದ್ದವು. ಅವುಗಳಲ್ಲಿ ಒಂದರ ಹೆಸರು ಮೊಂಡ. ರಸವನ್ನೇ ಕತ್ತರಿಸಿ ಹಾಕುವ ಒಂದು ಪುಟ್ಟ ಕತ್ತರಿ ಅದಕ್ಕೆ ಹೇಗೋ ಒದಗಿಬಂದಿತ್ತು. ಇನ್ನೊಂದು ಗುಟುಕು ಬಿದ್ದಿದ್ದರೆ ಕತ್ತರಿಯ ಸಮೇತ ಅದರ ಕತೆ ಮುಗಿಯುತ್ತಿತ್ತು. ಆ ಗುಟುಕು ಬೀಳಲಿಲ್ಲ.

ಮೊಂಡ ಚೇತರಿಸಿಕೊಂಡಿತು. ತನ್ನ ತೊಗಲನ್ನೇ ಉಬ್ಬಿಸಿ ಒಂದು ಗುಳ್ಳೆ ಮಾಡಿತು. ಗುಳ್ಳೆಯೊಳಗೆ ಒಂದು ಕತ್ತರಿ ಇಟ್ಟಿತು, ಕತ್ತರಿ ಮಾಡುವ ವಿದ್ಯೆಯನ್ನೂ ಮಡಚಿ ಇಟ್ಟಿತು. ಆಮೇಲೆ ಗುಳ್ಳೆಯನ್ನು ಮೈಯಿಂದ ಕಳಚಿ ಬಿಟ್ಟಿತು. ಇನ್ನೊಂದು ಗುಳ್ಳೆ ಮಾಡಿತು, ಬಿಟ್ಟಿತು. ಮತ್ತೊಂದು ಮಾಡಿತು, ಬಿಟ್ಟಿತು.

ಗುಳ್ಳೆಗಳು ಕೆಂಚನ ಎಂಜಲಿನಲ್ಲಿ ತೇಲಿದವು, ಕೆಮ್ಮಿನಲ್ಲಿ ಹಾರಿದವು, ಬಚ್ಚಲ ನೀರಿನ ಜೊತೆ ಹೊಳೆ ಸೇರಿದವು.

"ಏನ್ಲಾ ಅದು ನಿನ್ನ ಹೊಟ್ಟೇಲಿ?" ಎಂದು ಹೊಳೆ ಕೇಳಿತು.

"ಏನಿಲ್ಲ ಕಣವ್ವ, ಬರೀ ಗುಳ್ಳೆ ನಾನು," ಅಂದಿತು ಗುಳ್ಳೆ.

ಪೆದ್ದು ಹೊಳೆ ದಾರಿ ಬಿಟ್ಟಿತು! ಗುಳ್ಳೆಗಳು ಸಿಕ್ಕ ಸಿಕ್ಕ ಕ್ರಿಮಿಗಳ ಮೈಗೆ ಅಂಟಿ ಒಳಗೆ ಕರಗಿದವು. "ನೀನು ಯಾರ ಪೈಕಿ?" ಎಂದು ಕೇಳಿದ ಕ್ರಿಮಿಗಳಿಗೆ, "ಯಾರ ಪೈಕಿ ಆದ್ರೇನು, ತಕ್ಕೊ," ಅಂದವು. ಹಸುವಿನ ಹೊಟ್ಟೆಯಲ್ಲಿ ಯಾರ ತಂಟೆಗೂ ಹೋಗದೆ ಇದ್ದ ಸಾಧು ಕ್ರಿಮಿಯ ಕೈಗೂ ಕತ್ತರಿ ಬಂತು. ಒಂದು ಒಳ್ಳೆಯದನ್ನು ಹಂಚಬೇಕಾದರೆ ನಾವು ಕುಲ ಕೇಳುತ್ತೇವೆ, ಕೇರಿ ನೋಡುತ್ತೇವೆ. ಆ ಹಾಳಾದ ಗುಳ್ಳೆಗಳು ಏನನ್ನೂ ಕೇಳಲಿಲ್ಲ.

ಆಮೇಲೆ ಸಣ್ಣಿಗೆ ಜ್ವರ ಬಂತು. ಅದೇ ಗಂಟಲು, ಅದೇ ಊತ. ಬೈರವ್ವ ಹೆದರಲಿಲ್ಲ. "ಒಂದು ಗುಟುಕು ಉಳ್ಸಿದ್ದೇ ಒಳ್ಳೇದಾಯ್ತು," ಎಂದು ಗೂಡಿನಿಂದ ಕುಡಿಕೆ ತೆಗೆದು ಕುಡಿಸಿದಳು. ಗಂಟಲೊಳಗೆ ಕತ್ತರಿಗಳು ಕಚಕಚ ಅಂದವು. ರಸ ಚೂರುಚೂರಾಯಿತು.

ಬೈರವ್ವ ಬೂಷ್ಟಜ್ಜಿಯ ಹತ್ತಿರ ಓಡಿದಳು. ಅಜ್ಜಿ ಮೈಯೆಲ್ಲ ಒಣಗುವವರೆಗೆ ಹಿಂಡಿ ಕೊಟ್ಟಳು. ಮತ್ತೆ ಕಚಕಚ. ಸಂಜೆಯ ಹೊತ್ತಿಗೆ ಸಣ್ಣಿ ತಾಯಿಯ ಮಡಿಲಲ್ಲೇ ತೀರಿಕೊಂಡಳು.

"ಬರಿದ್ ಮಾಡು ಅಂದಿದ್ನಲ್ಲೇ!" ಎಂದು ಬೂಷ್ಟಜ್ಜಿ ಕಿರುಚಿದಳು. "ಅರೆಸತ್ತ ಕ್ರಿಮಿ ಬುದ್ಧಿ ಕಲ್ತು ಏಳ್ತದೆ, ಅದ್ಕೇ ಕಣೇ ಹಂಗಂದಿದ್ದು!"

ಬೈರವ್ವ ತಲೆ ಎತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. "ಈ ಮಾತ್ನ ಅವತ್ತೇ ಯಾಕೆ ಹೇಳ್ನಿಲ್ಲ? ಮಾಡು ಅಂದೆ, ಯಾಕೆ ಅಂದ್ಯಾ? ಒಂದು ಮಾತು ಹೇಳಿದ್ರೆ ಕುಡಿಕೆ ತೊಳೆದು ಆ ನೀರ್ನೂ ಕುಡಿಸ್ತಿದ್ದೆ! ನನ್ನ ಮಗೀನ ತಂದ್ಕೊಡು!"

ಬೂಷ್ಟಜ್ಜಿಗೆ ಬೈರವ್ವನ ಮೇಲೆ ಸಿಟ್ಟು, ಹೊಳೆಯ ಮೇಲೆ ಸಿಟ್ಟು, ಮೊಂಡನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಹೇಳಬೇಕಾದಾಗ ಹೇಳದೆ ಹೋದ ತನ್ನ ನಾಲಿಗೆಯ ಮೇಲೆ ಸಿಟ್ಟು. ಅವಳು ಅವತ್ತೇ ಮಾತು ಬಿಟ್ಟಳು.

ನಾನು ಮಾತು ಬಿಡುವವಳಲ್ಲ ಮಗಳೇ. ಯಾಕೆ ಅಂತ ಹೇಳಿದ್ದೇನೆ, ಕೇಳಿದ್ದೀಯ. ಗಂಟಲು ನೋವು ಹೋಯಿತು, ಇನ್ನು ಗುಳಿಗೆ ಬೇಡ ಅನ್ನುತ್ತೀಯ ನೀನು. ಮಿಕ್ಕಿದ್ದು ತಮ್ಮನಿಗೆ ಆಗುತ್ತದೆ, ಎತ್ತಿಡಿ ಅನ್ನುತ್ತಾನೆ ನಿಮ್ಮಪ್ಪ. ಎತ್ತಿಡುತ್ತಾನಂತೆ! ತೆಗೆ ಬಾಯಿ, ನುಂಗು.

ಮೊಂಡ ಅವತ್ತು ಬಿಟ್ಟ ಗುಳ್ಳೆಗಳ ಮರಿಮಕ್ಕಳು ಇನ್ನೂ ಹಾರುತ್ತಲೇ ಇವೆ ಮಗಳೇ. ಅದಕ್ಕೇ ಬೂಷ್ಟು ಇವತ್ತಿಗೂ ಬಾಯಿ ಬಿಡದೆ ಮುದುರಿ ಕೂತಿರುತ್ತದೆ, ಅದಕ್ಕೇ ಅಣ್ಣನನ್ನು ಉಳಿಸಿದ ಮದ್ದು ಎಷ್ಟೋ ಸಲ ತಂಗಿಯನ್ನು ಉಳಿಸುವುದಿಲ್ಲ.