ಮೊಲದ ಕಣ್ಣಿನೊಳಗೆ

"ಗುರುಗಳೇ, ಮನಸ್ಸು ಈಗಷ್ಟೇ ಒಂದು ಕಡೆ ನಿಲ್ಲಲು ಕಲಿಯುತ್ತಿದೆ. ಇಂಥ ಹೊತ್ತಿನಲ್ಲಿ ಮನೆಯವರು ಬಂದು ಕರೆದರೆ ಓಗೊಡಬೇಕೇ?" ಎಂದು ಶಿಷ್ಯ ಕೇಳಿದ.

ಅವನ ಅಕ್ಕ ಬೆಳಗಿನಿಂದ ಆಶ್ರಮದ ಜಗಲಿಯಲ್ಲಿ ಕಾದು ಕುಳಿತಿದ್ದಳು. ಅದು ಶಿಷ್ಯನಿಗೂ ಗೊತ್ತಿತ್ತು, ಗುರುಗಳಿಗೂ ಗೊತ್ತಿತ್ತು. ಆದರೂ ಗುರುಗಳು ಆ ಮಾತೆತ್ತದೆ ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಕಾಡಿನ ಚಿಕ್ಕ ಪ್ರಾಣಿಗಳ ಫೋಟೋ ತೆಗೆಯುವ ಹುಚ್ಚು. ಹುಲಿ, ಆನೆಗಳನ್ನು ಎಲ್ಲರೂ ತೆಗೆಯುತ್ತಾರೆ, ಮೊಲ ಮುಂಗುಸಿಗಳಿಗೆ ತಾಳ್ಮೆ ಬೇಕು ಎನ್ನುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಕಾಡಂಚಿನ ಅತಿಥಿಗೃಹಕ್ಕೆ ಹೋದ. ಐದು ದಿನ ಇದ್ದರು.

ಅತಿಥಿಗೃಹದ ಹಿಂದಿನ ಹುಲ್ಲಿಗೆ ದಿನವೂ ಬೆಳಗ್ಗೆ ಒಂದು ಕಾಡುಮೊಲ ಬರುತ್ತಿತ್ತು. ವ್ಯಾಪಾರಿ ನೆಲದ ಮೇಲೆ ಬೋರಲು ಮಲಗಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಮೊಲ ಸಣ್ಣ ಸದ್ದಿಗೂ ಓಡುವ ಪ್ರಾಣಿ. ಆದ್ದರಿಂದ ಮನೆಯವರಿಗೆ ಒಂದು ಸನ್ನೆ ಕಲಿಸಿದ್ದ. ಅವನು ಹಿಂತಿರುಗಿ ನೋಡದೆ ಒಂದು ಬೆರಳು ಎತ್ತಿದರೆ, ಮಾತು ನಿಲ್ಲಿಸಿ ನಿಂತಲ್ಲೇ ನಿಲ್ಲಬೇಕು.

ಹೆಂಡತಿಗೆ ಅವನೊಡನೆ ಒಂದು ಮಾತು ಆಡಬೇಕಿತ್ತು. ಎದೆಯಲ್ಲಿ ಗಂಟು ಇದೆ, ಬೇಗ ಗಂಡನೊಡನೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಹೇಳಿದ್ದರು. ಊರಿನಲ್ಲಿ ತುಂಬಿದ ಮನೆ, ಹಗಲೆಲ್ಲ ಅಂಗಡಿ. ರಜೆಯಲ್ಲಿ ಹೇಳೋಣವೆಂದು ಮಾತನ್ನು ಕಟ್ಟಿಟ್ಟುಕೊಂಡು ಬಂದಿದ್ದಳು. ಇಲ್ಲಿಯೂ ಮಗಳು ಹಗಲೂ ರಾತ್ರಿಯೂ ಜೊತೆಯಲ್ಲೇ ಇರುತ್ತಿದ್ದಳು, ಅವಳ ಮುಂದೆ ಆಡುವ ಮಾತಲ್ಲ. ಮಗಳು ಏಳುವ ಮೊದಲಿನ ಆ ಬೆಳಗಿನ ಹೊತ್ತು ಮಾತ್ರ ಉಳಿದಿತ್ತು.

ಮೊದಲ ದಿನ "ರೀ" ಎಂದಳು. ಬೆರಳು ಎದ್ದಿತು. ಮೂರನೆಯ ದಿನವೂ ಹಾಗೆಯೇ ಆಯಿತು. ಕೊನೆಯ ದಿನ ಮೊಲ ಬಹಳ ಹತ್ತಿರ ಬಂತು. ಅದು ಹೋಗುವವರೆಗೂ ಬೆರಳು ಇಳಿಯಲಿಲ್ಲ.

"ಮುಂದಿನ ಜನ್ಮದಲ್ಲಿ ಮೊಲವಾಗಿ ಹುಟ್ಟುತ್ತೇನೆ. ಆಗಲಾದರೂ ನನ್ನ ಕಡೆ ನೋಡುತ್ತೀರಿ" ಎಂದು ಹೆಂಡತಿ ನಕ್ಕಳು.

"ಹುಟ್ಟು ಮಾರಾಯ್ತಿ, ಆದರೆ ಅಲುಗಾಡಬೇಡ" ಎಂದು ಅವನೂ ನಕ್ಕ.

ಅಷ್ಟರಲ್ಲಿ ಮಗಳು ಎದ್ದು ಬಂದಳು.

ಊರಿಗೆ ಮರಳಿದ ಮೇಲೆ ಮದುವೆಗಳ ಕಾಲ, ಅಂಗಡಿಯಲ್ಲಿ ನೂಕುನುಗ್ಗಲು. ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನೋವು ತಡೆಯಲಾರದೆ ಹೇಳಿದಾಗ ತಡವಾಗಿತ್ತು. ಮುಂದಿನ ಬೇಸಿಗೆಗೆ ಅವಳಿರಲಿಲ್ಲ.

ಹದಿಮೂರನೆಯ ದಿನ ಹಾರ ಹಾಕಲು ಅವಳ ಫೋಟೋ ಬೇಕಾಯಿತು. ವ್ಯಾಪಾರಿ ರಜೆಯ ಚಿತ್ರಗಳನ್ನು ತೆರೆದ. ನಾನೂರು ಚಿತ್ರಗಳಿದ್ದವು, ಎಲ್ಲವೂ ಮೊಲದವು. ಕೊನೆಯ ದಿನದ ಚಿತ್ರದಲ್ಲಿ ಮೊಲದ ಕಣ್ಣಿನೊಳಗೆ ಏನೋ ಇದ್ದಂತೆ ಕಂಡಿತು. ದೊಡ್ಡದು ಮಾಡಿ ನೋಡಿದ. ಸಾಸಿವೆಕಾಳಿನಷ್ಟು ಒಬ್ಬ ಹೆಂಗಸು ನಿಂತಿದ್ದಳು. ಅವಳು ಅವನ ಬೆನ್ನ ಹಿಂದೆ ನಿಂತಿದ್ದಳಲ್ಲ, ಹಾಗಾಗಿ ಮೊಲಕ್ಕೆ ಕಂಡಿದ್ದಳು. ಮುಖ ತಿಳಿಯುವಂತಿರಲಿಲ್ಲ. ಸೆರಗು ಹೊದ್ದ ರೀತಿಯಿಂದ ಅವನು ಗುರುತು ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆ ಚಿತ್ರಕ್ಕೇ ಹಾರ ಹಾಕಿದನೇ, ಗುರುಗಳೇ?" ಎಂದು ಕೇಳಿದ.

"ಮೊದಲು ನಿನ್ನ ಅಕ್ಕನನ್ನು ಮಾತಾಡಿಸಿ ಬಾ, ಆಮೇಲೆ ತೋರಿಸುತ್ತೇನೆ, ಅದು ನನ್ನ ಕೋಣೆಯಲ್ಲೇ ಇದೆ."