ಯಾವ ಲಿನ್?

“ಗುರುಗಳೇ, ಬೆಳಗಿನಿಂದ ಒಬ್ಬ ಮಠದ ಬಾಗಿಲಲ್ಲಿ ನಿಂತಿದ್ದಾನೆ. ಜ್ವರ ಬಂದಂತಿದೆ. ತಾನು ನಮ್ಮ ಮಠದ ಒಕ್ಕಲು ಎನ್ನುತ್ತಾನೆ. ಹೌದೋ ಅಲ್ಲವೋ ಪತ್ತೆ ಮಾಡುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಚೀನಾ ದೇಶದ ಒಂದು ಊರಿನಲ್ಲಿ ಎಲ್ಲರ ಮನೆತನದ ಹೆಸರೂ ಲಿನ್. ಆ ಮಾತಿಗೆ ಕಾಡು ಎಂದರ್ಥ. ಊರ ನಡುವೆ ಅವರ ಹಿರೀಕರ ಗುಡಿ. ಅದರೊಳಗೆ ಹೊಕ್ಕವರನ್ನು ಸೈನಿಕರೂ ಮುಟ್ಟುತ್ತಿರಲಿಲ್ಲ. ಆದರೆ ಒಳಗೆ ಬರಲು ಲಿನ್ ಮನೆತನದವರೇ ಆಗಿರಬೇಕು.

ಒಂದು ದಿನ ಒಬ್ಬ ವಿಧವೆ ಹಸುಗೂಸನ್ನು ಎತ್ತಿಕೊಂಡು ಓಡಿ ಬಂದಳು. ಅವಳ ಗಂಡ ಅರಸನ ವಿರುದ್ಧ ದಂಗೆಯೆದ್ದು ಸತ್ತಿದ್ದ. ವಂಶವನ್ನೇ ಅಳಿಸಲು ಸೈನಿಕರು ಬೆನ್ನು ಹತ್ತಿದ್ದರು. “ನನ್ನ ಗಂಡನೂ ಲಿನ್. ಮಗುವನ್ನಾದರೂ ಒಳಗೆ ಬಿಟ್ಕೊಳ್ಳಿ” ಎಂದಳು.

ಗುಡಿಯ ಹಿರಿಯ ಹೊಸ್ತಿಲಿಗೆ ಅಡ್ಡ ನಿಂತ. ವಂಶಾವಳಿ ಅವನಿಗೆ ಬಾಯಿಪಾಠ. “ಯಾವ ಲಿನ್? ಕಾಡಿನಲ್ಲಿ ಹುಟ್ಟಿದ ರಾಜಕುಮಾರನ ಮಕ್ಕಳು ನಾವು. ಅರಸನ ಕಾಡು ಕಾಯುತ್ತಿದ್ದವರೂ ಲಿನ್ ಎಂದು ಕರೆಸಿಕೊಂಡರು. ಉತ್ತರದ ಕುದುರೆಗಾರರು ತಮ್ಮ ಉದ್ದನೆಯ ಹೆಸರನ್ನು ಕತ್ತರಿಸಿ ಲಿನ್ ಆದರು. ಇವರಲ್ಲಿ ನಿನ್ನ ಗಂಡ ಯಾರು?”

“ನಂಗೊತ್ತಿಲ್ಲ ಅಯ್ಯಾ. ನೀವು ಯಾವ ಲಿನ್ ಅನ್ನೋದನ್ನ ನೀವೇ ಕಣ್ಣಾರೆ ಕಂಡಿದ್ದೀರಾ?”

ಹಿರಿಯನಿಗೆ ಮೈ ಉರಿಯಿತು. ಮೂಲಪುರುಷನ ಹೆಸರು ಕೆತ್ತಿದ ಮರದ ಫಲಕ ಗುಡಿಯಲ್ಲಿತ್ತು. ಎರಡು ಹಲಗೆ ಸೇರಿಸಿ ಮಾಡಿದ್ದು. ಒಳಮೈಯಲ್ಲಿ ಸತ್ತವನ ಹುಟ್ಟಿನ ವಿವರ ಬರೆದು ಮುಚ್ಚುವುದು ಅವರ ಪದ್ಧತಿ. ಅದನ್ನು ಅಲ್ಲಿಯವರೆಗೆ ಯಾರೂ ತೆರೆದಿರಲಿಲ್ಲ. “ತೋರಿಸುತ್ತೇನೆ, ಇರು” ಎಂದು ಬಾಗಿಲು ಹಾಕಿಕೊಂಡ. ಕೈಕಾಲು ತೊಳೆದ. ಧೂಪ ಹಚ್ಚಿದ. ಹಿರೀಕರಲ್ಲಿ ಒಬ್ಬೊಬ್ಬರಿಗೂ ಅಡ್ಡಬಿದ್ದ. ಅಂಥ ಹೊತ್ತಿನಲ್ಲೂ ಮಹಾರಾಯನಿಗೆ ಶಾಸ್ತ್ರ ತಪ್ಪಬಾರದು! ಕೊನೆಗೆ ಹಲಗೆ ಬಿಚ್ಚಿದ.

ಒಳಗೆ ಮೂಲಪುರುಷನ ಮಾತಿನಲ್ಲೇ ಹೀಗೆ ಬರೆದಿತ್ತು: “ನನ್ನನ್ನು ಹೆತ್ತವರು ಲಿನ್ ಅಲ್ಲ. ನಾನು ಕೂಸಾಗಿದ್ದಾಗ ಕೊಲೆಗಡುಕರು ಬೆನ್ನಟ್ಟಿದ್ದರು. ಈ ಊರಿನಲ್ಲಿ ಸೌದೆ ಮಾರುವ ಒಬ್ಬಳು ಬಾಗಿಲು ತೆರೆದು, ‘ಇವನು ನನ್ನ ಮಗ’ ಎಂದಳು. ಅವಳು ಲಿನ್. ಅಂದಿನಿಂದ ನಾನೂ ಲಿನ್.”

ಹಿರಿಯನ ಕೈಯಿಂದ ಫಲಕ ಜಾರಿತು. ಓಡಿಹೋಗಿ ಬಾಗಿಲು ತೆಗೆದ. ಮೆಟ್ಟಿಲ ಮೇಲೆ ಕೂಸಿನ ಹೊದಿಕೆ ಬಿದ್ದಿತ್ತು, ರಕ್ತದಲ್ಲಿ ತೊಯ್ದು. ಯಾರೂ ಇರಲಿಲ್ಲ.

ಶಿಷ್ಯ ಬೆಚ್ಚಿಬಿದ್ದ. “ಅಯ್ಯೋ, ಎಂಥ ಕಟುಕ! ಮೊದಲು ಒಳಗೆ ಕರೆದುಕೊಂಡು ಆಮೇಲೆ ಹುಡುಕಬಹುದಿತ್ತಲ್ಲ?”

ಗುರುಗಳು ಅವನನ್ನೇ ನೋಡಿದರು. “ನಿನ್ನ ಬಾಗಿಲಲ್ಲಿ ನಿಂತವನು ಇನ್ನೂ ನಿಂತಿದ್ದಾನೆಯೇ?”